ಕನ್ನಡದ ಮಕ್ಕಳೂ ಇಂಗ್ಲಿಷಿನ ಕಲಿಕೆಯೂ

ಮಗುವು ತನ್ನ ತಾಯಿನುಡಿಯನ್ನು ಯಾವ ಶಾಲೆಯಲ್ಲಿಯೂ ಕಲಿಯುವುದಿಲ್ಲ. ಅದಕ್ಕೆ ವ್ಯಾಕರಣವನ್ನು ಹೇಳಿಕೊಡುವವರಿಲ್ಲ, ಪರೀಕ್ಷೆಯಿಲ್ಲ, ತಪ್ಪಿದರೆ ದಂಡನೆಯಿಲ್ಲ. ಆದರೂ ನಾಲ್ಕೈದು ವರ್ಷ ತುಂಬುವಷ್ಟರಲ್ಲಿ ಅದು 'ಅಪ್ಪ ಬಂದನು', 'ಅಮ್ಮ ಬಂದಳು', 'ಹಸು ಬಂದಿತು' ಎಂದು ಲಿಂಗವಚನಗಳನ್ನು ತಪ್ಪದೆ ನುಡಿಯುತ್ತದೆ. ಅದೇ ಮಗು ಬೆಳೆದು ಶಾಲೆಯಲ್ಲಿ ಇಂಗ್ಲಿಷನ್ನು ಕಲಿಯತೊಡಗಿದಾಗ ಸಂಗತಿ ಬೇರೆಯಾಗುತ್ತದೆ. ವರ್ಷಗಟ್ಟಲೆ ಪಾಠ ಕೇಳಿದರೂ ಒಂದು ವಾಕ್ಯವನ್ನು ಆಡಲು ನಾಲಗೆ ತಡವರಿಸುತ್ತದೆ. ಗಣಿತದಲ್ಲಿ ಚುರುಕಾದ, ಕಥೆ ಹೇಳುವುದರಲ್ಲಿ ಜಾಣನಾದ ಹುಡುಗನೂ ಇಂಗ್ಲಿಷಿನ ಪಾಠದ ವೇಳೆಗೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತುಕೊಳ್ಳುತ್ತಾನೆ. ಕ್ರಮೇಣ, 'ನನ್ನ ತಲೆಗೆ ಇಂಗ್ಲಿಷು ಹತ್ತುವುದಿಲ್ಲ' ಎಂದು ತಾನೇ ತೀರ್ಪು ಕೊಟ್ಟುಕೊಳ್ಳುತ್ತಾನೆ. ಈ ತೀರ್ಪಿನ ಭಾರದಿಂದ ಓದನ್ನೇ ಬಿಟ್ಟವರುಂಟು. ಆದುದರಿಂದ ಆ ತೀರ್ಪು ನ್ಯಾಯವಾದದ್ದೇ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡಬೇಕು.

ದಡ್ಡತನದಿಂದ ಆಗುವ ತಪ್ಪುಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರಬೇಕಷ್ಟೆ. ಆದರೆ ಬೀದರಿನ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಮಾಡುವ ತಪ್ಪನ್ನೇ ಚಾಮರಾಜನಗರದ ವಿದ್ಯಾರ್ಥಿನಿಯೂ ಮಾಡುತ್ತಾಳೆ. ಇವರು ಒಬ್ಬರನ್ನೊಬ್ಬರು ಕಂಡವರಲ್ಲ; ಒಬ್ಬರ ಉತ್ತರವನ್ನು ಇನ್ನೊಬ್ಬರು ನೋಡಿ ಬರೆದವರೂ ಅಲ್ಲ. ಇಬ್ಬರಿಗೂ ಸಮಾನವಾದುದು ಒಂದೇ, ಅದು ಕನ್ನಡ. ಇಂಗ್ಲಿಷಿನಲ್ಲಿ ನಾವು ಎಡವುವ ಕಲ್ಲುಗಳಲ್ಲಿ ಹೆಚ್ಚಿನವು ಕನ್ನಡದ ನಿಯಮಗಳೇ ಆಗಿವೆ. ಎರಡನೆಯ ಭಾಷೆಯನ್ನು ಕಲಿಯುವವನು ಬರಿಯ ಪಾಟಿಯ ಮೇಲೆ ಬರೆಯುವುದಿಲ್ಲ. ಅದರ ಮೇಲೆ ಮೊದಲನೆಯ ಭಾಷೆ ಆಗಲೇ ಆಳವಾಗಿ ಬರೆದುಕೊಂಡಿರುತ್ತದೆ.

ಮೊದಲು ಧ್ವನಿಗಳನ್ನು ನೋಡೋಣ. ಹುಟ್ಟಿದ ಶಿಶುವಿನ ಕಿವಿ ಲೋಕದ ಬಹುಭಾಷೆಗಳ ಧ್ವನಿಗಳಿಗೆ ತೆರೆದಿರುತ್ತದೆ. ಕೆನಡಾ ದೇಶದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಇಂಗ್ಲಿಷ್ ಮಾತನಾಡುವ ಮನೆಗಳ ಶಿಶುಗಳಿಗೆ ಅವರು ಹಿಂದೀ ಭಾಷೆಯ 'ತ' ಮತ್ತು 'ಟ' ಧ್ವನಿಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಈ ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾದ ಶಿಶುಗಳಲ್ಲಿ ಬಹುಮಟ್ಟಿಗೆ ಆ ಶಕ್ತಿ ಕುಂದಿದ್ದಿತು. ತನ್ನ ಭಾಷೆಗೆ ಬೇಡವಾದ ಭೇದಗಳನ್ನು ಕಿವಿ ಒಂದು ವರ್ಷದೊಳಗೇ ಗಮನಿಸದೆ ಬಿಡತೊಡಗುತ್ತದೆ ಎಂದು ಇದರಿಂದ ತಿಳಿದುಬಂದಿತು. ಕನ್ನಡವನ್ನು ಕಲಿಯಹೊರಟ ಆಂಗ್ಲೇಯನಿಗೆ 'ಹಳ್ಳಿ'ಯೂ 'ಹಲ್ಲಿ'ಯೂ ಒಂದೇ ಆಗಿ ಕೇಳಿಸುವುದು ಇದೇ ಕಾರಣದಿಂದ. ತಾನು ಹಳ್ಳಿಯಲ್ಲಿ ವಾಸವಾಗಿದ್ದೇನೆಂದು ಹೇಳಹೋಗಿ ಅವನು ಹಲ್ಲಿಯಲ್ಲಿ ವಾಸಮಾಡಿದರೆ ನಾವು ನಗುತ್ತೇವೆ. ಆದರೆ ಅವನನ್ನು ದಡ್ಡನೆನ್ನುವುದಿಲ್ಲ.

ನಮ್ಮ ಕಿವಿಯ ಕಥೆಯೂ ಹೀಗೆಯೇ. 'ತ'ಕಾರವನ್ನು ನುಡಿಯುವಾಗ ನಮ್ಮ ನಾಲಗೆ ಹಲ್ಲನ್ನು ಮುಟ್ಟುತ್ತದೆ. 'ಟ'ಕಾರಕ್ಕೆ ಅದು ಹಿಂದಕ್ಕೆ ಮಡಿಸಿಕೊಳ್ಳುತ್ತದೆ. ಇಂಗ್ಲಿಷಿನ 'ಟೇಬಲ್' ಎಂಬ ಮಾತಿನ ಮೊದಲ ಧ್ವನಿ ಇವೆರಡರ ನಡುವೆ, ಹಲ್ಲಿನ ಹಿಂದಿನ ಒಸಡಿನ ಮೇಲೆ ಹುಟ್ಟುತ್ತದೆ. ನಮ್ಮ ಕಿವಿ ಅದನ್ನು ಹತ್ತಿರದ ಮನೆಯಾದ 'ಟ'ಕಾರಕ್ಕೆ ಸೇರಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಎರಡು ಬಗೆಯ 'ವ'ಕಾರಗಳಿವೆ: ಒಂದನ್ನು ಕೆಳತುಟಿಗೆ ಮೇಲಿನ ಹಲ್ಲನ್ನು ತಾಕಿಸಿ ನುಡಿಯಬೇಕು, ಇನ್ನೊಂದನ್ನು ತುಟಿಗಳನ್ನು ದುಂಡಗೆ ಮಾಡಿ ನುಡಿಯಬೇಕು. ಕನ್ನಡದಲ್ಲಿ ಒಂದೇ 'ವ'ಕಾರವಿರುವುದರಿಂದ 'ವೆಸ್ಟ್' ಎಂದರೆ ಪಶ್ಚಿಮದಿಕ್ಕೋ ಒಳಅಂಗಿಯೋ ಎಂಬುದು ನಮ್ಮ ಉಚ್ಚಾರಣೆಯಿಂದ ತಿಳಿಯುವುದಿಲ್ಲ. 'ಎಲೆ'ಯನ್ನು 'ಯೆಲೆ' ಎಂದೂ 'ಒಲೆ'ಯನ್ನು 'ವೊಲೆ' ಎಂದೂ ಮಾತಿನಲ್ಲಿ ಆಡುವ ನಮ್ಮ ಬಾಯಿ ಇಂಗ್ಲಿಷಿನ ಕೋಳಿಮೊಟ್ಟೆಯನ್ನು 'ಯೆಗ್' ಎಂದು ಕರೆದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇವುಗಳೆಲ್ಲದರಲ್ಲಿ ನನಗೆ ಹೆಚ್ಚು ಸೊಗಸಾಗಿ ಕಾಣುವುದು ಪದಾಂತ್ಯದ 'ಉ'ಕಾರ. ಬಸ್ಸು, ಕಾರು, ಬ್ಯಾಂಕು, ಬೆಂಚು ಎನ್ನುವಾಗ ಇಂಗ್ಲಿಷಿನಲ್ಲಿ ಇಲ್ಲದ ಸ್ವರವೊಂದನ್ನು ನಾವು ಕೊನೆಗೆ ಸೇರಿಸುತ್ತೇವೆ. ಇದು ಅಶಿಕ್ಷಿತರ ಉಚ್ಚಾರಣೆಯೆಂದು ನಗುವವರಿದ್ದಾರೆ. ಆದರೆ ಹಳಗನ್ನಡದ ಪಾಠಗಳಲ್ಲಿ ನೀವು 'ಕಲ್', 'ಪಾಲ್' ಎಂಬ ವ್ಯಂಜನಾಂತ ಶಬ್ದಗಳನ್ನು ಕಂಡಿರುವಿರಿ. ಅವು ಹೊಸಗನ್ನಡದಲ್ಲಿ 'ಕಲ್ಲು', 'ಹಾಲು' ಎಂದಾದವು. ಕನ್ನಡದ ಶಬ್ದ ಸ್ವರದಲ್ಲಿ ಮುಗಿಯಬೇಕೆಂಬ ಯಾವ ಪ್ರವೃತ್ತಿಯು ನೂರಾರು ವರ್ಷಗಳ ಹಿಂದೆ 'ಕಲ್' ಎಂಬುದನ್ನು 'ಕಲ್ಲು' ಎಂದು ಮಾಡಿತೋ ಅದೇ ಪ್ರವೃತ್ತಿ ಇಂದು 'ಬಸ್' ಎಂಬುದನ್ನು 'ಬಸ್ಸು' ಮಾಡುತ್ತದೆ. ಕನ್ನಡದ ಮಾತಿನಲ್ಲಿ 'ಬಸ್ಸು' ಎನ್ನುವುದೇ ಸರಿ. ಇಂಗ್ಲಿಷ್ ವಾಕ್ಯವನ್ನು ಆಡುವಾಗ ಮಾತ್ರ ಆ ಸ್ವರವನ್ನು ಹೊರಗೆ ಬಿಟ್ಟು ಒಳಗೆ ಬರಬೇಕು.

ಇಂಗ್ಲಿಷಿನ ಲಯವೂ ನಮ್ಮದಲ್ಲ. ನಮ್ಮಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಪ್ರತಿಯೊಂದು ಅಕ್ಷರಕ್ಕೂ ಅದರ ಪಾಲು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಶಬ್ದದ ಒಂದು ಅಕ್ಷರದ ಮೇಲೆ ಒತ್ತು ಬೀಳುತ್ತದೆ. ಉಳಿದವು ಕುಗ್ಗಿ ಬಡವಾಗುತ್ತವೆ. 'ಫೋಟೋಗ್ರಾಫ್' ಎಂಬಲ್ಲಿ ಒತ್ತು ಮೊದಲ ಅಕ್ಷರದ ಮೇಲೆ. ಚಿತ್ರ ತೆಗೆಯುವವನನ್ನು ಹೆಸರಿಸುವ 'ಫೊಟಾಗ್ರಫರ್' ಎಂಬಲ್ಲಿ ಅದು ಎರಡನೆಯದಕ್ಕೆ ಜಿಗಿಯುತ್ತದೆ. ಎಲ್ಲ ಅಕ್ಷರಗಳಿಗೂ ಸಮನಾಗಿ ಮರ್ಯಾದೆ ಮಾಡುವ ನಮ್ಮ ಉಚ್ಚಾರಣೆ ಆಂಗ್ಲೇಯನಿಗೆ ಕೆಲವೊಮ್ಮೆ ತಿಳಿಯದಿರುವುದಕ್ಕೆ ಒಂದೊಂದು ಧ್ವನಿಯ ತಪ್ಪಿಗಿಂತ ಇದೇ ಹೆಚ್ಚು ಕಾರಣ. ಆದುದರಿಂದ ಶಬ್ದಕೋಶದಲ್ಲಿ ಅರ್ಥವನ್ನು ನೋಡುವವರು ಒತ್ತಿನ ಚಿಹ್ನೆಯನ್ನೂ ನೋಡುವುದು ಒಳ್ಳೆಯದು.

ಹೀಗೆಂದು, ಉಚ್ಚಾರಣೆಯಲ್ಲಿ ಆಂಗ್ಲೇಯನಂತೆಯೇ ಆಗದವನಿಗೆ ಇಂಗ್ಲಿಷು ಬರುವುದಿಲ್ಲವೆಂದು ತಿಳಿಯಬಾರದು. 1857ರಲ್ಲಿ ಹುಟ್ಟಿದ ಜೋಸೆಫ್ ಕಾನ್ರಾಡ್ ಎಂಬವನ ತಾಯಿನುಡಿ ಪೋಲಿಷ್. ಅವನು ಫ್ರೆಂಚನ್ನು ಬಾಲ್ಯದಲ್ಲಿಯೇ ಕಲಿತಿದ್ದನು. ಇಂಗ್ಲಿಷನ್ನಾದರೋ ಇಪ್ಪತ್ತು ವರ್ಷ ದಾಟಿದ ಮೇಲೆ, ಹಡಗುಗಳ ಕೆಲಸದಲ್ಲಿದ್ದಾಗ ಕಲಿತನು. ಅವನ ಮೊದಲ ಇಂಗ್ಲಿಷ್ ಕಾದಂಬರಿ 1895ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಗದ್ಯದ ಶ್ರೇಷ್ಠ ಲೇಖಕರಲ್ಲಿ ಅವನನ್ನು ಎಣಿಸುತ್ತಾರೆ. ಅವನ ಮಾತಿನಲ್ಲಿ ಮಾತ್ರ ಪೋಲಿಷ್ ಛಾಯೆ ಕೊನೆಯವರೆಗೂ ಎದ್ದು ಕಾಣುತ್ತಿದ್ದಿತು.

ಇನ್ನು ಕಾಗುಣಿತದ ವಿಚಾರ. ಬಿ, ಯು, ಟಿ ಸೇರಿದರೆ 'ಬಟ್' ಆಗುವುದಾದರೆ ಪಿ, ಯು, ಟಿ ಸೇರಿದರೆ 'ಪುಟ್' ಏಕಾಗಬೇಕು ಎಂಬ ಪ್ರಶ್ನೆಯನ್ನು ಕೇಳದ ವಿದ್ಯಾರ್ಥಿಯಿಲ್ಲ. ಬರೆದಂತೆ ಓದುವ, ಓದಿದಂತೆ ಬರೆಯುವ ಕನ್ನಡದ ಅಭ್ಯಾಸವಾದವರಿಗೆ ಇದು ಅನ್ಯಾಯವಾಗಿಯೇ ತೋರುತ್ತದೆ. ಇಂಗ್ಲಿಷಿನ ಅಕ್ಷರಗಳು 26. ದಕ್ಷಿಣ ಇಂಗ್ಲೆಂಡಿನ ಶಿಷ್ಟ ಉಚ್ಚಾರಣೆಯ ಧ್ವನಿಗಳಾದರೋ ಸುಮಾರು 44. ಒಂದು ಅಕ್ಷರವು ಹಲವು ಧ್ವನಿಗಳ ಚಾಕರಿಯನ್ನು ಮಾಡದೆ ವಿಧಿಯಿಲ್ಲ. ಆದರೆ ಮುಖ್ಯ ಕಾರಣ ಚರಿತ್ರೆಯಲ್ಲಿದೆ. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದನು. ಮುದ್ರಣವು ಬರವಣಿಗೆಯ ರೂಪವನ್ನು ಮೆಲ್ಲಮೆಲ್ಲನೆ ಸ್ಥಿರಗೊಳಿಸಿತು. ಜನರ ಬಾಯಲ್ಲಿ ಸ್ವರಗಳು ಭಾರಿಯಾಗಿ ಬದಲಾಗುತ್ತಿದ್ದುದೂ ಅದೇ ಶತಮಾನಗಳಲ್ಲಿ. ಧ್ವನಿ ಮುಂದಕ್ಕೆ ನಡೆಯಿತು. ಅಕ್ಷರ ಹಿಂದೆಯೇ ನಿಂತಿತು. ಯೋಧನೆಂಬ ಅರ್ಥದ 'ನೈಟ್' ಎಂಬ ಮಾತಿನ ಮೊದಲಲ್ಲಿರುವ ಕೆ ಅಕ್ಷರವನ್ನು ಒಂದಾನೊಂದು ಕಾಲದಲ್ಲಿ ನಿಜವಾಗಿಯೂ ಉಚ್ಚರಿಸುತ್ತಿದ್ದರು. 'ಬಟ್', 'ಪುಟ್' ಎರಡರಲ್ಲಿಯೂ ಮೊದಲು ಇದ್ದುದು ಒಂದೇ ಸ್ವರ; 17ನೆಯ ಶತಮಾನದ ಸುಮಾರಿಗೆ ಅದು ಒಂದರಲ್ಲಿ ಬದಲಾಯಿತು, ಇನ್ನೊಂದರಲ್ಲಿ ಹಾಗೆಯೇ ಉಳಿಯಿತು.

ನಮ್ಮಲ್ಲಿಯೂ ಧ್ವನಿಗಳು ಬದಲಾಗಿವೆ. ಹಳಗನ್ನಡದ 'ಪುಲಿ' ಇಂದು 'ಹುಲಿ'ಯಾಗಿದೆ. ಆದರೆ ಬಾಯಲ್ಲಿ 'ಹ'ಕಾರ ಬಂದಾಗ ನಾವು ಬರವಣಿಗೆಯಲ್ಲಿಯೂ 'ಹ'ಕಾರವನ್ನೇ ಬರೆದೆವು. ಆಂಗ್ಲೇಯರ ಪದ್ಧತಿಯನ್ನು ಅನುಸರಿಸಿದ್ದರೆ ಇಂದಿಗೂ 'ಪುಲಿ' ಎಂದು ಬರೆದು 'ಹುಲಿ' ಎಂದು ಓದುತ್ತಿದ್ದೆವು! ಅವರ ಪದ್ಧತಿಗೂ ಒಂದು ಪ್ರಯೋಜನವುಂಟು. 'ಸೈನ್' ಎಂಬಲ್ಲಿ ಮೌನವಾಗಿರುವ ಜಿ ಅಕ್ಷರ 'ಸಿಗ್ನೇಚರ್' ಎಂಬಲ್ಲಿ ಬಾಯಿ ತೆರೆದು, ಎರಡೂ ಒಂದೇ ಮನೆತನದ ಶಬ್ದಗಳೆಂದು ಸಾಕ್ಷಿ ಹೇಳುತ್ತದೆ. ಆದರೂ ಲೆಕ್ಕ ನೋಡಿದರೆ ಲಾಭಕ್ಕಿಂತ ಮಕ್ಕಳಿಗೆ ಆಗುವ ತೊಂದರೆಯೇ ಹೆಚ್ಚೆಂದು ಹೇಳಬೇಕಾಗುತ್ತದೆ. ಇಂಗ್ಲೆಂಡಿನ ಮಕ್ಕಳೂ ಈ ಕಾಗುಣಿತವನ್ನು ಬಾಯಿಪಾಠ ಮಾಡಿಯೇ ಕಲಿಯುತ್ತಾರೆ.

ವಾಕ್ಯರಚನೆಗೆ ಬಂದರೆ ನಮ್ಮ ಪ್ರವೇಶಕ್ಕೆ ಒಂದೇ ಕೀಲಿಕೈ ಸಾಕೆಂದು ತೋರುತ್ತದೆ. 'ಮೇಜಿನ ಮೇಲೆ' ಎಂದು ನಾವು ಹೇಳಿದರೆ ಅವರು 'ಆನ್ ದ ಟೇಬಲ್' ಎಂದು 'ಮೇಲೆ' ಎಂಬುದನ್ನು ಮೊದಲಿಗೆ ತರುತ್ತಾರೆ. 'ಹಣ್ಣನ್ನು ತಿಂದನು' ಎಂಬಲ್ಲಿ ನಮ್ಮ ಕ್ರಿಯಾಪದ ಕೊನೆಗೆ ನಿಲ್ಲುತ್ತದೆ. ಅವರಲ್ಲಿ ತಿನ್ನುವುದು ಮೊದಲು, ಹಣ್ಣು ಆಮೇಲೆ. 'ನಿನ್ನೆ ಬಂದ ಹುಡುಗ' ಎಂಬಲ್ಲಿ ಹುಡುಗನನ್ನು ಕಾಣಲು ಕೊನೆಯವರೆಗೆ ಕಾಯಬೇಕು. 'ದ ಬಾಯ್ ಹೂ ಕೇಮ್ ಎಸ್ಟರ್‌ಡೇ' ಎಂಬಲ್ಲಿ ಹುಡುಗನು ಮೊದಲೇ ಬಂದು ನಿಂತಿರುತ್ತಾನೆ. ಪದಗುಚ್ಛದ ಯಜಮಾನನು ಕನ್ನಡದಲ್ಲಿ ಕೊನೆಯಲ್ಲಿಯೂ ಇಂಗ್ಲಿಷಿನಲ್ಲಿ ಮೊದಲಲ್ಲಿಯೂ ಕುಳಿತುಕೊಳ್ಳುತ್ತಾನೆ. ಒಂದು ಇನ್ನೊಂದರ ಕನ್ನಡಿಯ ಬಿಂಬದಂತಿದೆ. 'ಕೆಂಪು ಹೂವು' ಎಂಬಂತಹ ಗುಣವಾಚಕಗಳಲ್ಲಿ ಮಾತ್ರ ಎರಡು ಭಾಷೆಗಳೂ ಒಂದೇ ದಾರಿಯಲ್ಲಿ ನಡೆಯುತ್ತವೆ.

ಇಂಗ್ಲಿಷಿನಲ್ಲಿ ಪದಗಳ ಸ್ಥಾನಕ್ಕೆ ಇಷ್ಟು ಬೆಲೆ ಬಂದುದೇಕೆ? 'ರಾಮನು ರಾವಣನನ್ನು ಕೊಂದನು' ಎನ್ನಬಹುದು. 'ರಾವಣನನ್ನು ರಾಮನು ಕೊಂದನು' ಎಂದೂ ಹೇಳಬಹುದು. ಹೇಗೆ ಹೇಳಿದರೂ ಸತ್ತವನು ರಾವಣನೇ. ಏಕೆಂದರೆ 'ಅನ್ನು' ಎಂಬ ದ್ವಿತೀಯಾ ವಿಭಕ್ತಿಯ ಪ್ರತ್ಯಯವು ಅವನನ್ನು ಬಿಡದೆ ಹಿಡಿದಿದೆ. ಇಂಗ್ಲಿಷಿನಲ್ಲಿ ಈ ಎರಡು ಹೆಸರುಗಳ ಸ್ಥಾನವನ್ನು ಬದಲಿಸಿದರೆ ರಾಮಾಯಣವೇ ತಲೆಕೆಳಗಾಗಿ ರಾಮನು ಹತನಾಗುತ್ತಾನೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿಯೂ ವಿಭಕ್ತಿಪ್ರತ್ಯಯಗಳಿದ್ದವು. ಅವು ಕಾಲಕ್ರಮದಲ್ಲಿ ಸವೆದುಹೋದುದರಿಂದ ಅವುಗಳ ಕೆಲಸವನ್ನು ಪದಗಳ ಸ್ಥಾನವು ವಹಿಸಿಕೊಂಡಿತು. ಕನ್ನಡ ವ್ಯಾಕರಣದಲ್ಲಿ ವಿಭಕ್ತಿಯ ಪ್ರಯೋಜನವನ್ನು ಬಲ್ಲವನಿಗೆ ಇದು ಒಡನೆಯೇ ತಿಳಿಯುತ್ತದೆ. ಅದನ್ನು ಅಲಕ್ಷಿಸಿದವನು ಇಂಗ್ಲಿಷಿನ ಪದಕ್ರಮವನ್ನು ಸುಮ್ಮನೆ ಉರುಹೊಡೆಯಬೇಕಾಗುತ್ತದೆ.

ಕ್ರಿಯಾಪದದ ವಿಷಯವೂ ಹೀಗೆಯೇ. 'ಬಂದೆನು' ಎಂದರೆ ಬಂದವನು ನಾನೇ. 'ನಾನು' ಎಂದು ಬೇರೆ ಹೇಳಬೇಕಾಗಿಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಶಕ್ತಿ ಇಲ್ಲದುದರಿಂದ ಅಲ್ಲಿ ಕರ್ತೃಪದ ಬಂದೇ ತೀರಬೇಕು. ಮಳೆ ಬರುತ್ತಿದೆ ಎನ್ನಲು ಕೂಡ, ಸುರಿಸುವವರು ಯಾರೂ ಕಾಣದಿದ್ದರೂ, 'ಇಟ್' ಎಂಬ ಕರ್ತೃವನ್ನು ಕಲ್ಪಿಸಿಕೊಳ್ಳಬೇಕು. 'ಅವನು ನನ್ನ ಅಣ್ಣ' ಎಂಬ ನಮ್ಮ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಆದುದರಿಂದ ಇಂಗ್ಲಿಷಿನಲ್ಲಿಯೂ ನಾವು 'ಈಸ್' ಎಂಬುದನ್ನು ಮರೆಯುತ್ತೇವೆ. ಕನ್ನಡಿಗನು ತಂಗಿಯರನ್ನು 'ಹೊಂದಿರುವುದಿಲ್ಲ'. ಅವನಿಗೆ ಇಬ್ಬರು ತಂಗಿಯರು ಇರುತ್ತಾರೆ. 'ಐ ಹ್ಯಾವ್' ಎಂಬ ಎರಡು ಪದಗಳಲ್ಲಿ ಇಂಗ್ಲಿಷು ತಂಗಿಯರನ್ನೂ ಪುಸ್ತಕಗಳನ್ನೂ ನೆಗಡಿಯನ್ನೂ ಒಂದೇ ರೀತಿಯಲ್ಲಿ ಸ್ವಾಧೀನಪಡಿಸಿಕೊಳ್ಳುತ್ತದೆ. ಮತ್ತೊಂದು ಕಡೆ, 'ನೀನು ನಿಮ್ಮ ತಂದೆಗೆ ಎಷ್ಟನೆಯ ಮಗ?' ಎಂದು ನಾವು ಸಲೀಸಾಗಿ ಕೇಳುವ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಒಂದೇ ನೇರವಾದ ವಾಕ್ಯದಲ್ಲಿ ಕೇಳುವುದು ಬಲು ಕಷ್ಟ. 'ಎಷ್ಟನೆಯ' ಎಂಬ ಪದಕ್ಕೆ ಸಾಟಿಯಾದ ಪದ ಅವರಲ್ಲಿ ಬಳಕೆಯಲ್ಲಿಲ್ಲ. ಅಣ್ಣ, ತಮ್ಮ ಎಂಬ ಭೇದವನ್ನೂ ನೀನು, ನೀವು ಎಂಬ ಭೇದವನ್ನೂ ಅವರು ಒಂದೊಂದು ಪದದಲ್ಲಿ ಅಳಿಸಿಬಿಡುತ್ತಾರೆ. ಪ್ರತಿಯೊಂದು ಭಾಷೆಯೂ ಲೋಕವನ್ನು ತನ್ನದೇ ಆದ ಕಡೆಗಳಲ್ಲಿ ಕತ್ತರಿಸುತ್ತದೆ.

ಕನ್ನಡವು ತೊಡಕಾಗುವಂತೆಯೇ ಸಹಾಯಕ್ಕೂ ಬರುತ್ತದೆ. 'ಎ' ಮತ್ತು 'ದ' ಎಂಬ ಎರಡು ಪುಟ್ಟ ಪದಗಳನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದು ನಮ್ಮವರಿಗೆ ದೊಡ್ಡ ಸಮಸ್ಯೆಯಾಗಿದೆ. ನಮ್ಮ ಅಜ್ಜಿಯರು ಕಥೆ ಹೇಳುವ ಕ್ರಮವನ್ನು ನೆನೆದುಕೊಳ್ಳಿ: 'ಒಂದು ಊರಿನಲ್ಲಿ ಒಬ್ಬ ರಾಜನಿದ್ದನು. ಆ ರಾಜನಿಗೆ ಒಬ್ಬ ಮಗಳಿದ್ದಳು. ಆ ಮಗಳು ಒಂದು ದಿನ...' ಕೇಳುವವರಿಗೆ ರಾಜನ ಪರಿಚಯವಿಲ್ಲದಾಗ 'ಒಬ್ಬ'. ಪರಿಚಯವಾದ ಮೇಲೆ 'ಆ'. ಈ 'ಒಬ್ಬ' ಎಂಬುದರ ಸ್ಥಾನದಲ್ಲಿ 'ಎ' ಎಂಬುದನ್ನೂ 'ಆ' ಎಂಬುದರ ಸ್ಥಾನದಲ್ಲಿ 'ದ' ಎಂಬುದನ್ನೂ ಇಟ್ಟರೆ ಇಂಗ್ಲಿಷಿನ ಕಥೆ ಸರಿಯಾಗಿಯೇ ಸಾಗುತ್ತದೆ. ನದಿ ಪರ್ವತಗಳ ಹೆಸರುಗಳ ಹಿಂದೆ ಅದನ್ನು ಬಳಸುವ ಬಗೆ ಮೊದಲಾದುವನ್ನು ಬೇರೆಯಾಗಿ ಕಲಿಯಬೇಕು, ನಿಜ. ಆದರೆ ಮೂಲತತ್ತ್ವವನ್ನು ಅಜ್ಜಿ ಆಗಲೇ ಕಲಿಸಿಟ್ಟಿದ್ದಾಳೆ.

ಹಾಗಾದರೆ ತಪ್ಪುಗಳಿಗೆಲ್ಲ ಕನ್ನಡವೇ ಕಾರಣವೇ? ಅಲ್ಲ. ಕೆಲವು ತಪ್ಪುಗಳನ್ನು ಇಂಗ್ಲೆಂಡಿನ ಮಗುವೂ ಮಾಡುತ್ತದೆ. 'ಗೋ' ಎಂಬ ಧಾತುವಿನ ಭೂತಕಾಲ 'ವೆಂಟ್' ಎಂದಾಗಬೇಕು. ಮಕ್ಕಳು 'ಗೋಡ್' ಎನ್ನುತ್ತಾರೆ. ಹಾಗೆ ಹೇಳುವುದನ್ನು ದೊಡ್ಡವರಿಂದ ಅವರು ಕೇಳಿದವರಲ್ಲ. ಬೇರೆ ಕ್ರಿಯಾಪದಗಳನ್ನು ಕೇಳಿ ಒಂದು ನಿಯಮವನ್ನು ತಾವೇ ಕಂಡುಕೊಂಡು, ಅದನ್ನು ಅಪವಾದಕ್ಕೂ ಅನ್ವಯಿಸಿರುತ್ತಾರೆ. ಎಸ್. ಪಿಟ್ ಕಾರ್ಡರ್ ಎಂಬ ಭಾಷಾವಿಜ್ಞಾನಿ 1967ರಲ್ಲಿ ಬರೆದ ಲೇಖನವೊಂದರಲ್ಲಿ, ಎರಡನೆಯ ಭಾಷೆಯನ್ನು ಕಲಿಯುವವರ ತಪ್ಪುಗಳನ್ನೂ ಹೀಗೆಯೇ ನೋಡಬೇಕೆಂದು ವಾದಿಸಿದನು. ಬಾಯಿತಪ್ಪಿ ಬಂದ ದೋಷ ಬೇರೆ, ನಿಯಮಬದ್ಧವಾಗಿ ಮರಳಿ ಮರಳಿ ಬರುವ ತಪ್ಪು ಬೇರೆ. ಎರಡನೆಯದು ವಿದ್ಯಾರ್ಥಿಯ ಮನಸ್ಸು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ತೋರಿಸುವ ಮೈಲಿಗಲ್ಲು. ಕೆಂಪು ಮಸಿಯ ಗೆರೆಯನ್ನು ಕಂಡು ಕುಗ್ಗುವವರು ಈ ಮಾತನ್ನು ನೆನೆಯಬಹುದು; ತಪ್ಪೇ ಇಲ್ಲದಿರಲೆಂದು ಏನನ್ನೂ ಬರೆಯದೆ ಹಾಳೆಯನ್ನು ಖಾಲಿ ಬಿಡುವವರು ಇನ್ನೂ ಹೆಚ್ಚಾಗಿ ನೆನೆಯಬೇಕು.

ಕಲಿಸುವ ಕ್ರಮದ ಬಗೆಗೂ ಬಹಳ ಚಿಂತನೆ ನಡೆದಿದೆ. ಅದರಲ್ಲಿ ಮುಖ್ಯವಾದ ಭಾಗ ಭಾರತದಲ್ಲಿಯೇ ನಡೆದದ್ದು. ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೇಲ್ ವೆಸ್ಟ್ ಎಂಬಾತನು, ಬಂಗಾಳದ ಅನೇಕ ಮಕ್ಕಳು ಮಾತು ಕೈಗೂಡುವ ಮೊದಲೇ ಶಾಲೆಯನ್ನು ಬಿಡುವುದನ್ನು ಗಮನಿಸಿದನು. ನಡುವೆ ಬಿಟ್ಟುಹೋದರೂ ಅಷ್ಟರಮಟ್ಟಿಗಾದರೂ ಕೈಯಲ್ಲಿ ಉಳಿಯುವ ವಿದ್ಯೆ ಓದುವುದೇ ಎಂದು ಬಗೆದು, ಪರಿಮಿತವಾದ ಪದಗಳಲ್ಲಿ ಸುಲಭವಾದ ಓದುಪುಸ್ತಕಗಳನ್ನು ರಚಿಸಿದನು. ಅವನು 1953ರಲ್ಲಿ ಪ್ರಕಟಿಸಿದ, ಹೆಚ್ಚು ಬಳಕೆಯಲ್ಲಿರುವ ಸುಮಾರು 2000 ಪದಗಳ ಪಟ್ಟಿ ಹೆಸರಾಗಿದೆ. ಸಾಮಾನ್ಯವಾದ ಬರವಣಿಗೆಯ ಬಹುಭಾಗವೆಲ್ಲ ಈ ಪದಗಳಿಂದಲೇ ಆಗಿರುತ್ತದೆ. ದಿನಕ್ಕೆ ಎರಡು ಪದಗಳಂತೆ ಕಲಿತರೂ ಮೂರು ವರ್ಷಗಳೊಳಗೆ ಮುಗಿಯುವ ಲೆಕ್ಕ ಇದು. ಕಠಿಣ ಪದಗಳನ್ನು ಹುಡುಕಿ ಹುಡುಕಿ ಕಂಠಪಾಠ ಮಾಡುವವರು ಇತ್ತ ಗಮನ ಕೊಟ್ಟರೆ ಶ್ರಮ ಉಳಿದೀತು.

ಇನ್ನೊಂದು ಪ್ರಯತ್ನಕ್ಕೆ ನಮ್ಮ ರಾಜಧಾನಿಯ ಹೆಸರೇ ನಿಂತಿದೆ. ಎನ್. ಎಸ್. ಪ್ರಭು ಅವರು ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದಾಗ, 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಗಮನವೆಲ್ಲ ಅರ್ಥದ ಮೇಲೆ ನಿಂತಾಗ ವ್ಯಾಕರಣವು ಮನಸ್ಸಿನಲ್ಲಿ ತಾನಾಗಿಯೇ ಬೆಳೆಯುತ್ತದೆಂಬುದು ಅವರ ಅಭಿಪ್ರಾಯವಾಗಿದ್ದಿತು. ಆದುದರಿಂದ ಆ ತರಗತಿಗಳಲ್ಲಿ ವ್ಯಾಕರಣದ ಪಾಠವಿರಲಿಲ್ಲ. ಉಪಾಧ್ಯಾಯರು ರೈಲುಗಳ ವೇಳಾಪಟ್ಟಿಯನ್ನೋ ಒಂದು ನಕ್ಷೆಯನ್ನೋ ಮುಂದಿಟ್ಟು, ಯಾವ ಗಾಡಿ ಮೊದಲು ತಲುಪುತ್ತದೆ, ಯಾವ ದಾರಿ ಹತ್ತಿರ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಮೊದಲು ಒಂದು ಸಮಸ್ಯೆಯನ್ನು ತರಗತಿಯೆಲ್ಲ ಕೂಡಿ ಬಿಡಿಸುವುದು. ಬಳಿಕ ಅಂತಹುದೇ ಇನ್ನೊಂದನ್ನು ಒಬ್ಬೊಬ್ಬರೂ ತಾವೇ ಬಿಡಿಸುವುದು. ತರಗತಿಯ ಅರ್ಧದಷ್ಟು ಮಕ್ಕಳಾದರೂ ಕೆಲಸದ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಬಲ್ಲರಾದರೆ ಆ ಕೆಲಸ ಅವರಿಗೆ ತಕ್ಕದ್ದೆಂದು ಎಣಿಸುತ್ತಿದ್ದರು. ಕೊನೆಯಲ್ಲಿ ಹೊರಗಿನ ಪರೀಕ್ಷಕರು ಬಂದು ಅಳೆದು ನೋಡಿದಾಗ, ಅರ್ಥವನ್ನು ಗ್ರಹಿಸಿ ಉತ್ತರಿಸುವ ಕೆಲಸದಲ್ಲಿ ಈ ಮಕ್ಕಳು ಮುಂದಿದ್ದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದಲ್ಲಿ ಕಲಿತವರು ಮುಂದಿದ್ದರು. ನನ್ನ ಎಣಿಕೆಯಂತೆ, ವ್ಯಾಕರಣವನ್ನು ಪೂರ್ತಿ ಬಿಟ್ಟದ್ದು ಅತಿಯಾಯಿತು. ಕೀಲಿಕೈ ಕೈಯಲ್ಲಿರುವಾಗ ಬಾಗಿಲನ್ನು ಗುದ್ದಬೇಕಾಗಿಲ್ಲ. ಆದರೆ ಮಕ್ಕಳು ಇಂಗ್ಲಿಷಿಗೆ ಹೆದರುವುದನ್ನು ಮರೆತು ರೈಲಿನ ಹೊತ್ತನ್ನು ಹುಡುಕುವಂತೆ ಮಾಡಿದ್ದು ಅಲ್ಪ ಸಾಧನೆಯಲ್ಲ. ಪ್ರಭು ಅವರು ಇದನ್ನು ಕುರಿತು ಬರೆದ ಗ್ರಂಥ 1987ರಲ್ಲಿ ಹೊರಬಂದಿತು. ಭಾಷಾಬೋಧನೆಯನ್ನು ಕುರಿತ ಪುಸ್ತಕಗಳು ಈ ಪ್ರಯೋಗವನ್ನು ಇಂದಿಗೂ 'ಬೆಂಗಳೂರು ಯೋಜನೆ' ಎಂದೇ ಕರೆಯುತ್ತವೆ.

ಕನ್ನಡದ ಆಧಾರವಿದ್ದವರು ಇಂಗ್ಲಿಷಿನಲ್ಲಿ ಎಷ್ಟು ದೂರ ಹೋಗಬಲ್ಲರೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳಿವೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು, ಹೊಸ ಛಂದಸ್ಸಿಗೆ ದಾರಿ ಮಾಡಿದರು. ಒತ್ತಿನ ಲಯವನ್ನು ಮಾತ್ರೆಗಳ ಲಯಕ್ಕೆ ಹೊಂದಿಸುವ ಕೆಲಸ ಎರಡು ಕಿವಿಗಳೂ ಪಳಗಿದವರಿಂದಲೇ ಆಗತಕ್ಕದ್ದು. ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾರಾವ್ ಅವರ ಮಾತೃಭಾಷೆಯೂ ಕನ್ನಡವೇ. 1938ರಲ್ಲಿ ಪ್ರಕಟವಾದ ಅವರ 'ಕಾಂತಾಪುರ' ಎಂಬ ಇಂಗ್ಲಿಷ್ ಕಾದಂಬರಿಯು ಕನ್ನಡನಾಡಿನ ಹಳ್ಳಿಯೊಂದರ ಕಥೆ. ಅದನ್ನು ಹೇಳುವವಳು ಆ ಹಳ್ಳಿಯ ಒಬ್ಬ ಮುದುಕಿ. ನಮ್ಮ ಅಜ್ಜಿಯರು ಜಗುಲಿಯ ಮೇಲೆ ಕುಳಿತು ಉಸಿರು ತಿರುಗಿಸದೆ ಒಂದರ ಹಿಂದೆ ಒಂದು ಮಾತನ್ನು ಪೋಣಿಸುವ ಧಾಟಿಯಲ್ಲಿಯೇ ಅದರ ಇಂಗ್ಲಿಷು ಹರಿಯುತ್ತದೆ.